ಹಿಂದೆ ಕೂರದ ಗಾಡಿ

"ಕಂಪನಿಯವನಿಗೆ ಟೊಮೆಟೊ ರೇಟು ಗೊತ್ತಾ ಸಾಬ್ರೇ?"

ಭಾನುವಾರ ಮೆಕ್ಯಾನಿಕ್ ಸಾಬರ ಗ್ಯಾರೇಜಿನಲ್ಲಿ ನನ್ನ ತಮ್ಮ ಅಂದ ಈ ಮಾತು ಇನ್ನೂ ಕಿವಿಯಲ್ಲಿದೆ. ಅಲ್ಲಿ ನಿಂತಾಗ ನಕ್ಕಿದ್ದೆ. ಬೆಂಗಳೂರಿನ ಬಸ್ ಹತ್ತಿದ ಮೇಲೆ ನಗು ಬರಲಿಲ್ಲ.

ಸಾಬರು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಬಾಕ್ಸ್ ಹಾಕ್ತೀರಾ? ನೂರ ಎಂಬತ್ತು. ಕಂಪನಿಯವರು ಎಷ್ಟು ಹೇಳವ್ರೆ? ಅದಕ್ಕೆ ಈ ಉತ್ತರ.

ತಮ್ಮನ ಗಾಡಿ 1.7 ಟನ್ ಹೊರುವ ಬೊಲೆರೊ ಪಿಕಪ್. ಬಾಕ್ಸಿಗೆ 15 ಕೆಜಿಯಂತೆ 180ಕ್ಕೆ 2,700 ಕೆಜಿ, ಖಾಲಿ ಬಾಕ್ಸಿನ ತೂಕ ಬೇರೆ. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಮಂಡಿಗೆ ಬಾಡಿಗೆ ಸಿಗೋದು ಬಾಕ್ಸಿನ ಲೆಕ್ಕದಲ್ಲಿ, ಹಾಗಾಗಿ ಯಾವ ಡ್ರೈವರೂ ನೂರಕ್ಕೆ ನಿಲ್ಲಿಸಲ್ಲ. ಲೋಡಾದರೆ ಹಿಂದೆ ಕೂತು ಮೂತಿ ಮೇಲೆದ್ದು, ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಹುಣಸೆ ಮರದ ತುದಿಗೆ ಬೀಳುತ್ತಿತ್ತಂತೆ. ಅದಕ್ಕೇ ಹಿಂದಿನ ಕಮಾನಿಗೆ, ಅಂದ್ರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟಿಗೆ, ಎರಡೆರಡು ಪ್ಲೇಟು ಸೇರಿಸಲು ಬಂದಿದ್ದ.

ನಾನು ಸುಮ್ಮನಿರಲಿಲ್ಲ. ಪ್ಲೇಟ್ ಹಾಕಿಸಿದ್ರೆ ಆರ್‌ಸಿಯಲ್ಲಿರೋ ತೂಕ ಹೆಚ್ಚಾಗಲ್ಲ ಕಣೋ, ಆಕ್ಸಲ್ಲು, ಟೈರು, ಬ್ರೇಕು ಎಲ್ಲ ಅವೇ, 2019ರ ತಿದ್ದುಪಡಿಯಲ್ಲಿ ಓವರ್‌ಲೋಡಿಗೆ 20,000 ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೆರಡು ಸಾವಿರ ಅಂದೆ. "ಅಣ್ಣ ಆಫೀಸು ತೆಗೆದ" ಅಂತ ಅವನು ಚಹಾ ತರಲು ಹೋದ. ಮೊದಲಿಂದಲೂ ಹೀಗೇ, ಸಿಕ್ಕಿಬಿದ್ದರೆ ಚಹಾ.

ಸಾಬರ ಕೆಲಸ ಮಾತ್ರ ನೋಡುವಂಥದ್ದು. ಚಾಸಿಗೆ ಜಾಕ್ ಕೊಟ್ಟು, ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಹಳೇ ಯು-ಬೋಲ್ಟ್ ಬಿಚ್ಚಿ, ಪ್ಲೇಟುಗಳನ್ನು ಒಂದೊಂದೇ ಒರೆಸಿ ನೆಲದ ಮೇಲೆ ಸಾಲಾಗಿ ಇಟ್ಟರು. ಹೊಸ ಪ್ಲೇಟಿನ ಬಾಗು ಹಳೇದಕ್ಕೆ ಕೂರುವವರೆಗೂ ಸುತ್ತಿಗೆ ಬಿಡಲಿಲ್ಲ. ಕಟ್ಟು ದಪ್ಪವಾಯಿತಲ್ಲ, ಉದ್ದದ ಯು-ಬೋಲ್ಟು ಬೇಕು. ಪ್ಲೇಟುಗಳನ್ನು ನಡುವೆ ಹಿಡಿಯೋಕೆ ಹೊಸ ಸೆಂಟರ್ ಬೋಲ್ಟು. "ಎರಡು ಲೋಡ್ ಆದ್ಮೇಲೆ ಬಂದು ಟೈಟ್ ಮಾಡಿಸ್ಬೇಕು. ಸಡಿಲ ಬಿಟ್ರೆ ಸೆಂಟರ್ ಬೋಲ್ಟ್ ಕಟ್ಟಾಗಿ ಆಕ್ಸಲ್ಲೇ ಸರಿಯುತ್ತೆ" ಅಂತ ನನಗೆ ಹೇಳಿದರು, ತಮ್ಮನಿಗಲ್ಲ.

ಆಮೇಲೆ ಗಾಡಿ ಕೆಳಗೆ ಮಲಗಿ, ಆಕ್ಸಲ್ಲಿನಿಂದ ಮೇಲಕ್ಕೆ ಹೋಗುವ ಒಂದು ಸಣ್ಣ ಕಡ್ಡಿಯನ್ನು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದರು. ಲೋಡಾಗಿ ಹಿಂದೆ ಕೂತಾಗ ಈ ಕಡ್ಡಿ ವಾಲ್ವನ್ನು ತಿರುಗಿಸಿ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕು ಕಳಿಸುತ್ತದೆ. ಪ್ಲೇಟು ಹಾಕಿದರೆ ಗಾಡಿ ಅಷ್ಟು ಕೂರುವುದೇ ಇಲ್ಲ. ಖಾಲಿ ಇದೆ ಅಂದುಕೊಂಡು ಕಮ್ಮಿ ಕಳಿಸುತ್ತದೆ.

"ಕೂತ್ರೆ ತಾನೆ ಸ್ವಾಮಿ ಅದಕ್ಕೆ ಗೊತ್ತಾಗೋದು" ಅಂದು ಕಡ್ಡಿಯ ಅಳತೆ ಸರಿಮಾಡಿದರು. ಎಷ್ಟು ಜನ ಮೆಕ್ಯಾನಿಕ್ಕುಗಳು ಇದನ್ನು ನೋಡುತ್ತಾರೋ!

ಚಹಾ ತಂದ ತಮ್ಮನ ಮುಖ ಆಗ ಸರಿಯಾಗಿ ನೋಡಿದೆ. ಮೂರು ತಿಂಗಳಿನ ಕಂತು ಬಾಕಿ ಇರುವುದನ್ನು ಹಿಂದಿನ ರಾತ್ರಿ ಹೇಳಿದ್ದು ಅವನ ಹೆಂಡತಿ, ಅವನಲ್ಲ. ಫೋನಿನಲ್ಲಿ ಯಾವಾಗ ಕೇಳಿದರೂ "ಚೆನ್ನಾಗೈತಣ್ಣ." ಅಪ್ಪನೂ ಹಾಗೇ ಇದ್ದ. ಬೋರ್‌ವೆಲ್ ಮೂರು ಸಲ ಫೇಲಾದ ವರ್ಷ ನನ್ನ ಹಾಸ್ಟೆಲ್ ಫೀಸು ಒಂದು ದಿನವೂ ತಡವಾಗಲಿಲ್ಲ. ನಾನೂ ಕೇಳಲಿಲ್ಲ. ಸಾಲಕ್ಕೆ ಜಾಮೀನು ಹಾಕಿದವನು ನಾನು, ಕಾಯ್ದೆ ಹೇಳಿ ಬಂದೆ.

ಸಂಜೆ ಖಾಲಿ ಗಾಡಿಯಲ್ಲಿ ಊರಿಗೆ ಹೋದೆವು. ಲೋಡಿಲ್ಲದೆ ಗಟ್ಟಿಯಾದ ಕಮಾನು ಹಳ್ಳ ಸಿಕ್ಕಲ್ಲೆಲ್ಲ ಕುಪ್ಪಳಿಸುತ್ತಿತ್ತು. ದಾರಿಯಲ್ಲಿ ಹತ್ತಿಸಿಕೊಂಡ ಅಮ್ಮ ಸೊಂಟ ಹಿಡಿದುಕೊಂಡು, "ಇದಕ್ಕಿಂತ ನಿಮ್ಮಪ್ಪನ ಎತ್ತಿನ ಗಾಡಿ ವಾಸಿ" ಅಂದಳು. ಹಳೇ ಚೌಕಾಸಿಯವಳು, ಎಷ್ಟು ಕೊಟ್ಟೆ ಅಂತಲೂ ಕೇಳಿದಳು.

ನಿನ್ನೆ ರಾತ್ರಿ ತಮ್ಮ ಫೋನು ಮಾಡಿದ. ಯು-ಬೋಲ್ಟ್ ಮತ್ತೆ ಟೈಟ್ ಮಾಡಿಸಿದನಂತೆ. ಎಷ್ಟು ಬಾಕ್ಸ್ ಹಾಕಿದ್ದೆ ಅಂದೆ.

"ಅಮ್ಮ ಮಾತಾಡ್ತಾಳಂತೆ, ಇರು" ಅಂದು ಫೋನು ಅವಳ ಕೈಗೆ ಕೊಟ್ಟ.