ತಿಯೋತಿವಾಕಾನ್‌ನಲ್ಲಿ ಅಮ್ಮ

16 ನವೆಂಬರ್ 2024, ಶನಿವಾರ
ಮೆಕ್ಸಿಕೊ ಸಿಟಿ, ರಾತ್ರಿ ಹನ್ನೊಂದು ಗಂಟೆ

ಅಮ್ಮ ಮಲಗಿದ್ದಾಳೆ. ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಕೊಟ್ಟೆ. ಇವತ್ತು ಜಾಸ್ತಿ ನಡೆದಳು. ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ಅರವತ್ತು ವರ್ಷದಿಂದ ಬಾಯಿ ಬಿಡದ ಮಾತನ್ನು ಅಮ್ಮ ಇವತ್ತು ಆಡಿಬಿಟ್ಟಳು. ಅದೂ ಮುಖ ಪರಿಚಯವೇ ಇಲ್ಲದ ಒಬ್ಬ ಗೈಡ್ ಹತ್ತಿರ.

ಬೆಳಿಗ್ಗೆ ವ್ಯಾನ್ ಹತ್ತಿದ್ದು, ದಾರಿಯಲ್ಲಿ ಚರ್ಚ್ ನೋಡಿದ್ದು, ಅದೆಲ್ಲ ಬಿಡಿ. ಇಲ್ಲಿಗೆ ಹತ್ತಿರದ ಹಳೇ ಪಾಳು ಊರು ತಿಯೋತಿವಾಕಾನ್, ಅಲ್ಲಿನ ಪಿರಮಿಡ್ಡಿನ ಫೋಟೋ ನೀವೆಲ್ಲ ನೋಡಿರುತ್ತೀರಿ. ಸೂರ್ಯ ಪಿರಮಿಡ್ ಸುಮಾರು 65 ಮೀಟರ್ ಎತ್ತರ. ಬುಡದ ಒಂದೊಂದು ಬದಿಯೂ 220 ಮೀಟರ್ ದಾಟುತ್ತದೆ. ಈಗ ಅದನ್ನು ಹತ್ತಲು ಬಿಡುವುದಿಲ್ಲ. "ಒಳ್ಳೇದಾಯ್ತು ಬಿಡು, ಕೆಳಗಿಂದಲೇ ಕೈ ಮುಗೀತೀನಿ" ಅಂದಳು ಅಮ್ಮ. ಮುಗಿದಳು ಕೂಡ.

ಪಿರಮಿಡ್ ನೋಡುವ ಮೊದಲು ವ್ಯಾನ್ ಒಂದು ಕರಕುಶಲ ಅಂಗಡಿ ಹತ್ತಿರ ನಿಂತಿತ್ತು. ಕಪ್ಪು ಗಾಜಿನಂಥ ಅಬ್ಸಿಡಿಯನ್ ಕಲ್ಲಿನ ಸಾಮಾನು ಮಾಡುವ ಜಾಗ. ಅಂಗಡಿಯ ಹಿಂದೆ ದೊಡ್ಡ ದೊಡ್ಡ ಮಗೆಯ್ ಗಿಡಗಳಿದ್ದವು. ನಮ್ಮ ಗೈಡ್‌ಗೆ ಅರವತ್ತರ ಮೇಲೆ ವಯಸ್ಸು. ಹುಲ್ಲಿನ ಟೋಪಿ, ಮೆಲ್ಲಗಿನ ಮಾತು. ಅವರು ಒಂದು ಎಲೆಯ ತುದಿಯ ಮುಳ್ಳನ್ನು ಕೊಯ್ದು, ಹಿಡಿದು ಎಳೆದರು. ಮುಳ್ಳಿನ ಜೊತೆಗೇ ಉದ್ದಕ್ಕೆ ನಾರು ಬಂತು. ಸೂಜಿಯೂ ಅದೇ, ದಾರವೂ ಅದೇ. ಪೋಣಿಸುವ ಕೆಲಸವೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಮಾತ್ರ ಹತ್ತಿರ ಹೋಗಿ ನಾರನ್ನು ಬೆರಳಲ್ಲಿ ಹೊಸೆದು ನೋಡಿದಳು.

"ಇದು ಕತ್ತಾಳೆ ಕಣೇ. ಶಿವಮೊಗ್ಗದ ಬೇಲಿಗೆ ಅಪ್ಪ ನೆಟ್ಟಿದ್ದು ಇದೇ."

ಕತ್ತಾಳೆ ಈ ದೇಶದಿಂದಲೇ ನಮ್ಮ ಕಡೆಗೆ ಬಂದ ಗಿಡ ಅಂತ ಹೇಳಿದೆ. ಅಮ್ಮ ನಂಬಲಿಲ್ಲ. ಗೈಡ್ ಆ ಸೂಜಿಯನ್ನು ಅಮ್ಮನ ಕೈಗೇ ಕೊಟ್ಟರು. ಅವಳು ಅದನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. "ಶಿವಮೊಗ್ಗದ ಬೇಲಿ" ಅನ್ನೋ ಮಾತನ್ನು ಆಗ ನಾನು ಸುಮ್ನೆ ಕೇಳಿಸಿಕೊಂಡೆ ಅಷ್ಟೇ.

ದೊಡ್ಡ ಬೀದಿಗೆ ಬಂದಾಗ ಬಿಸಿಲು ಏರಿತ್ತು. ಊರಿನ ಉದ್ದಕ್ಕೂ ಹೋಗುವ ಆ ಬೀದಿಗೆ ಸತ್ತವರ ಬೀದಿ ಅಂತ ಹೆಸರು. ಎರಡು ಕಡೆ ಇರುವ ದಿಬ್ಬಗಳನ್ನು ಸಮಾಧಿ ಅಂದುಕೊಂಡು ಅಸ್ಟೆಕ್ ಜನ ಹಾಗೆ ಕರೆದರಂತೆ. ಅವು ಸಮಾಧಿಗಳಲ್ಲ. ಸೂರ್ಯ ಪಿರಮಿಡ್, ಚಂದ್ರ ಪಿರಮಿಡ್ ಅನ್ನೋದೂ ಆಮೇಲೆ ಬಂದ ಹೆಸರುಗಳೇ. ತಿಯೋತಿವಾಕಾನ್ ಅನ್ನೋದೂ ಅಸ್ಟೆಕ್ಕರ ಮಾತೇ. ದೇವರುಗಳು ಹುಟ್ಟಿದ ಜಾಗ ಅನ್ನುವಂಥ ಅರ್ಥ. ಅವರು ಇಲ್ಲಿಗೆ ಬರುವ ಹೊತ್ತಿಗೆ ಊರು ಪಾಳು ಬಿದ್ದು ನೂರಾರು ವರ್ಷ ಕಳೆದಿತ್ತು.

"ಹಾಗಾದ್ರೆ ಇಲ್ಲಿದ್ದವರು ತಮ್ಮ ಊರಿಗೆ ಏನಂತಿದ್ರು? ಕೇಳು" ಅಂದಳು ಅಮ್ಮ.

ಕೇಳಿದೆ. ಯಾರಿಗೂ ಗೊತ್ತಿಲ್ಲ ಅಂದರು ಗೈಡ್. ಯಾವ ಭಾಷೆ ಆಡುತ್ತಿದ್ದರು ಅನ್ನೋದೂ ಖಚಿತವಿಲ್ಲವಂತೆ.

ಅಮ್ಮ ಅಲ್ಲೇ ನಿಂತುಬಿಟ್ಟಳು. "ಎಷ್ಟು ಜನ ಇದ್ರಂತೆ?"

ಒಂದು ಲಕ್ಷಕ್ಕೂ ಜಾಸ್ತಿ. ಸಾವಿರದ ಐನೂರು ವರ್ಷದ ಹಿಂದೆ ಜಗತ್ತಿನ ದೊಡ್ಡ ಊರುಗಳಲ್ಲಿ ಇದೂ ಒಂದು. ಹೆಚ್ಚಿನವರು ಇದ್ದದ್ದು ವಠಾರಗಳಲ್ಲಿ. ನಡುವೆ ಅಂಗಳ, ಸುತ್ತ ಹಲವು ಸಂಸಾರ, ಅಲ್ಲೇ ಪೂಜೆಗೊಂದು ಕಟ್ಟೆ, ನೀರು ಹೋಗೋಕೆ ಚರಂಡಿ. ಅಂಥ ಸುಮಾರು ಎರಡು ಸಾವಿರ ವಠಾರಗಳು. ಕ್ರಿಸ್ತಶಕ 550ರ ಸುಮಾರಿಗೆ ಈ ಬೀದಿಯ ದೊಡ್ಡ ಕಟ್ಟಡಗಳಿಗೆ ಬೆಂಕಿ ಬಿತ್ತು. ಆಮೇಲೆ ಊರು ಕರಗುತ್ತಾ ಹೋಯಿತು.

"ಲಕ್ಷ ಜನ ಇದ್ದೂ ಹೆಸರು ಉಳೀಲಿಲ್ವಾ?"

ಅಮ್ಮ ಕೇಳಿದ್ದು ಗೈಡನ್ನೋ ನನ್ನನ್ನೋ ಗೊತ್ತಾಗಲಿಲ್ಲ. ಇದನ್ನು ಸ್ಪ್ಯಾನಿಷ್‌ನಲ್ಲಿ ಹೇಳಲಿಲ್ಲ ನಾನು.

ಒಂದು ಗೋಡೆಯ ಹತ್ತಿರ ನೆರಳಿತ್ತು. ಅಲ್ಲಿ ಕೂತೆವು. ಉಳಿದವರು ಗರಿ ಹೊತ್ತ ಹಾವಿನ ತಲೆಗಳಿರುವ ಗುಡಿ ಕಡೆ ಹೋದರು. ಅಮ್ಮನಿಗೆ ಏದುಸಿರು ಬಂದಿತ್ತು ಅಂತ ಗೈಡ್ ನಮ್ಮ ಜೊತೆ ಉಳಿದರು. ಸಮುದ್ರಮಟ್ಟದಿಂದ 2,300 ಮೀಟರ್ ಮೇಲಿದ್ದೇವೆ, ನಿಧಾನಕ್ಕೆ ಉಸಿರಾಡಿ ಸೆನ್ಯೋರಾ ಅಂದರು. ಆಮೇಲೆ ಅಮ್ಮನ ಕೈ ಹಿಡಿದು ಗೋಡೆಯ ಮೇಲೆ ಇಟ್ಟರು. ದೊಡ್ಡ ಕಲ್ಲುಗಳ ನಡುವಿನ ಗಾರೆಯಲ್ಲಿ ಕಡಲೆಕಾಳಿನಷ್ಟು, ನೆಲ್ಲಿಕಾಯಿಯಷ್ಟು ಸಣ್ಣ ಕಲ್ಲುಗಳನ್ನು ಸಾಲಾಗಿ ಒತ್ತಿದ್ದರು. ಇಂಥ ಕಲ್ಲು ಕಂಡರೆ ಅದು ನಮ್ಮ ಕಾಲದವರು ರಿಪೇರಿ ಮಾಡಿದ ಗೋಡೆ. ಕಾಣದಿದ್ದರೆ ಹಳಬರದ್ದೇ. ನೋಡುವವರಿಗೆ ಮೋಸ ಆಗಬಾರದು ಅಂತ ಹೀಗೆ ಗುರುತು ಇಡುತ್ತಾರಂತೆ. ಅಮ್ಮ ಗೋಡೆಯುದ್ದಕ್ಕೂ ಬೆರಳಾಡಿಸುತ್ತಾ ಹೋದಳು. ಮೊಣಕಾಲು ಎತ್ತರಕ್ಕೆ ಸಣ್ಣ ಕಲ್ಲುಗಳು ನಿಂತವು. "ಇಲ್ಲಿಂದ ಕೆಳಗೆ ಅವರದ್ದು" ಅಂದಳು. ಗೈಡ್‌ಗೆ ಕನ್ನಡ ಬರದಿದ್ದರೂ ಹೌದು ಅಂತ ತಲೆ ಆಡಿಸಿದರು.

ಸೂರ್ಯ ಪಿರಮಿಡ್ಡಿಗೆ ಹಾಗೆ ಗುರುತು ಇಟ್ಟುಕೊಂಡು ಕೆಲಸ ಮಾಡಲಿಲ್ಲವಂತೆ. 1905ರಲ್ಲಿ ಲಿಯೋಪೋಲ್ದೊ ಬಾತ್ರೆಸ್ ಅನ್ನುವವರು ಅಗೆಯಲು ಶುರು ಮಾಡಿದರು. ಮೆಕ್ಸಿಕೊ ಸ್ವಾತಂತ್ರ್ಯದ ನೂರನೇ ವರ್ಷದ ಹಬ್ಬ 1910ರಲ್ಲಿ. ಅಷ್ಟರೊಳಗೆ ಮುಗಿಸುವ ಅವಸರ. ಹೊರಗಿನ ಪದರವನ್ನು ಮೀಟರ್‌ಗಟ್ಟಲೆ ಕಿತ್ತು ಹಾಕಿದರು. ಈಗ ನಮಗೆ ಕಾಣುವ ಐದು ಹಂತಗಳಲ್ಲಿ ಒಂದು ಅವರು ಸೇರಿಸಿದ್ದು.

"ಆಗ ಇದೆಲ್ಲ ಹೊಲ" ಅಂದರು ಗೈಡ್. "ಮೆಕ್ಕೆಜೋಳ, ಪಾಪಾಸುಕಳ್ಳಿ ಬೆಳೀತಿದ್ದರು. ನಮ್ಮ ಮುತ್ತಜ್ಜನ ಹೊಲ ಅಗೋ ಆ ಕಡೆ ಇತ್ತಂತೆ. ಎಲ್ಲರದ್ದೂ ತಗೊಂಡರು."

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿರಲಿಲ್ಲ.

"ಪರಿಹಾರ ಕೊಟ್ರಂತಾ?"

ಅಮ್ಮನ ದನಿ ಬೇರೆಯೇ ಆಗಿತ್ತು. ಗೈಡ್ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಏನೋ ಕೊಟ್ಟರಂತೆ, ಮನೆಯಲ್ಲಿ ಅಜ್ಜಿ ಆ ಮಾತು ಎತ್ತಲು ಬಿಡುತ್ತಿರಲಿಲ್ಲ ಅಂದರು. ಅಮ್ಮ ಹೂಂ ಅಂದಳು. "ನಮ್ಮಲ್ಲೂ ಹಾಗೇ ಅಂತ ಹೇಳು ಅವರಿಗೆ."

ಇಲ್ಲಿ ಓದುವ ನಿಮಗೆಲ್ಲ ಗೊತ್ತು, ಅಮ್ಮನ ತವರು ಮುಳುಗಡೆ ಊರು. ಮಡೆನೂರಿನ ಪಕ್ಕ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವಳಿಗೆ ಹತ್ತು ವರ್ಷ. ನನಗೆ ಗೊತ್ತಿದ್ದದ್ದು ಇಷ್ಟೇ. ಆ ಅಣೆಕಟ್ಟಿನ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವಾಗ ಲಾಂಚಿನಲ್ಲಿ ಅಮ್ಮ ನೀರಿನ ಕಡೆ ಬೆನ್ನು ಹಾಕಿ ಕೂರುತ್ತಿದ್ದಳು. ತಲೆ ಸುತ್ತುತ್ತೆ ಅಂತಿದ್ದಳು. ಬೇಸಿಗೆಯಲ್ಲಿ ನೀರು ಇಳಿದು ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಂಡಾಗ ಜನ ನೋಡಲು ಹೋಗುತ್ತಾರಲ್ಲ, ನಾವು ಎಷ್ಟು ಕರೆದರೂ ಬಂದವಳಲ್ಲ.

ಇವತ್ತು ಹೇಳಿದಳು. ನಾನು ಒಂದೊಂದೇ ವಾಕ್ಯ ಸ್ಪ್ಯಾನಿಷ್ ಮಾಡುತ್ತಾ ಹೋದೆ. ಮುಳುಗಡೆ ಅನ್ನೋದಕ್ಕೆ ನನಗೆ ಮಾತು ಸಿಗಲಿಲ್ಲ. ನೀರು ಬಂದು ಊರು ಒಳಗೆ ಹೋಯಿತು ಅಂದೆ. ಲಾರಿ ಬಂದದ್ದು ಬೆಳಗಿನ ಜಾವವಂತೆ. ಬಾಗಿಲು, ತೊಲೆ, ಹೆಂಚು ಬಿಚ್ಚಿ ಹೇರಿದರಂತೆ. ಹಸುಗಳನ್ನು ಹೊಡೆದುಕೊಂಡು ಮಾವಂದಿರು ನಡೆದು ಬಂದರಂತೆ. ಲಾರಿಯಲ್ಲಿ ಜಾಗ ಸಾಲದೆ ಅಜ್ಜಿಯ ಒರಳುಕಲ್ಲು ಅಂಗಳದಲ್ಲೇ ಉಳಿಯಿತು. ಅಜ್ಜಿ ಹಟ ಮಾಡಿ ಗುಂಡನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡು ಕೂತಳಂತೆ. ಶಿವಮೊಗ್ಗದ ಹತ್ತಿರ ಕೊಟ್ಟ ಜಾಗದವರೆಗೂ ಹಾಗೇ. ಅಲ್ಲಿ ಅಜ್ಜ ಕತ್ತಾಳೆ ನೆಟ್ಟು ಬೇಲಿ ಮಾಡಿದ್ದು ಆಮೇಲೆ.

ಅಮ್ಮ ಅಳಲಿಲ್ಲ. ನನಗೇ ಮಧ್ಯೆ ಎರಡು ಸಲ ಮಾತು ನಿಂತಿತು.

ಗೈಡ್ ಊರಿನ ಹೆಸರು ಕೇಳಿದರು. ಅಮ್ಮ ಹೇಳಿದಳು. ಅವರು ಹೇಳಲು ನೋಡಿದರು, ಬರಲಿಲ್ಲ. ಅಮ್ಮ ಇನ್ನೊಮ್ಮೆ ನಿಧಾನಕ್ಕೆ ಹೇಳಿಕೊಟ್ಟಳು, ಮಕ್ಕಳಿಗೆ ಹೇಳಿಕೊಟ್ಟ ಹಾಗೆ. ಮೂರನೇ ಸಲಕ್ಕೆ ಸರಿಯಾಗಿ ಬಂತು. ಅಮ್ಮನ ಮುಖ ಅರಳಿದ್ದು ನೋಡಬೇಕಿತ್ತು ನೀವು.

ಮ್ಯೂಸಿಯಮ್ಮಿನಲ್ಲಿ ಮೆತಾತೆ ಅನ್ನುವ ಮೆಕ್ಕೆಜೋಳ ಅರೆಯುವ ಕಲ್ಲು ಇತ್ತು. ಅದರ ಮೇಲೆ ಕೈಗಲ್ಲು. ನಡುವೆ ಸವೆದು ತಗ್ಗಾಗಿತ್ತು. ಎಷ್ಟು ಕೈ ಅರೆದಿರಬೇಕು. ಅಮ್ಮ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಎರಡೂ ಒಟ್ಟಿಗಿದೆ" ಅಂದಳು. ಅಷ್ಟೇ. ಮುಂದೆ ಹೋದಳು.

ವಾಪಸ್ ಬರುವಾಗ ವಿಪರೀತ ಟ್ರಾಫಿಕ್. ಕಾರ್ತಿಕ ಹುಣ್ಣಿಮೆ ನಿನ್ನೆ ಕಳೆದಿದೆ, ಚಂದ್ರ ಇನ್ನೂ ದುಂಡಗೇ ಇದ್ದ. ಅಸ್ಟೆಕ್ಕರ ಕತೆಯಲ್ಲಿ ಸೂರ್ಯ ಚಂದ್ರ ಇಬ್ಬರೂ ಹುಟ್ಟಿದ್ದು ಇದೇ ತಿಯೋತಿವಾಕಾನ್‌ನಲ್ಲಿ. ಮೈಯೆಲ್ಲ ಹುಣ್ಣಾಗಿದ್ದ ಬಡಪಾಯಿ ದೇವರು ಮೊದಲು ಬೆಂಕಿಗೆ ಹಾರಿ ಸೂರ್ಯನಾದ. ಹಿಂದೆ ಮುಂದೆ ನೋಡಿದ ಸಿರಿವಂತ ಆಮೇಲೆ ಹಾರಿ ಚಂದ್ರನಾದ. ಅವನ ಬೆಳಕೂ ಅಷ್ಟೇ ಜೋರಾಗಿತ್ತು ಅಂತ ಉಳಿದ ದೇವರುಗಳು ಮುಖಕ್ಕೆ ಮೊಲ ಎಸೆದರಂತೆ. ಗೈಡ್ ಇದನ್ನು ಹೇಳುವಾಗ ಅಮ್ಮ ನನ್ನ ತೋಳು ಅಲ್ಲಾಡಿಸಿದಳು. "ಮೊಲ ನಮ್ಮ ಚಂದ್ರನಲ್ಲೂ ಇದೆ ಅಂತ ಹೇಳೇ!" ಹೇಳಿದೆ. ವ್ಯಾನಿನಲ್ಲಿದ್ದವರೆಲ್ಲ ಕಿಟಕಿಯಿಂದ ಬಗ್ಗಿ ನೋಡಿದರು.

ಇಳಿಯುವಾಗ ಗೈಡ್ ಅಮ್ಮನ ಎರಡೂ ಕೈ ಹಿಡಿದು ಅವಳ ಊರಿನ ಹೆಸರು ಹೇಳಿ ಬೀಳ್ಕೊಟ್ಟರು. ನಾನು ಹೇಳಿಕೊಟ್ಟಿರಲಿಲ್ಲ. ನೆನಪಿಟ್ಟುಕೊಂಡಿದ್ದರು.

ಈಗ ಕೂತು ಯೋಚನೆ ಮಾಡುತ್ತಿರುವುದು ಗುಂಡಿನ ಬಗ್ಗೆ. ಶಿವಮೊಗ್ಗ ಮನೆಯ ಹಿತ್ತಿಲ ಬಾಗಿಲಿಗೆ ಗಾಳಿಗೆ ಬಡಿಯದಿರಲಿ ಅಂತ ಒಂದು ಉದ್ದನೆಯ ಕಪ್ಪು ಕಲ್ಲು ಅಡ್ಡ ಇಡುತ್ತಿದ್ದೆವು. ಒರಳಿಲ್ಲದ ಮನೆಯಲ್ಲಿ ಗುಂಡು ಯಾಕಿದೆ ಅಂತ ನಾನು ಒಂದು ದಿನವೂ ಕೇಳಿದವಳಲ್ಲ. ಚಿಕ್ಕವಳಿದ್ದಾಗ ಅದನ್ನು ಕಾಲಲ್ಲಿ ಉರುಳಿಸಿದ್ದಕ್ಕೆ ಅಜ್ಜಿ ಒಮ್ಮೆ ಬೆನ್ನಿಗೆ ಬಾರಿಸಿದ್ದಳು. ಅಜ್ಜಿ ಕೈ ಎತ್ತಿದ್ದು ಅದೊಂದೇ ಸಲ.

ತಮ್ಮನಿಗೆ ಫೋನ್ ಮಾಡಬೇಕು. ಅಲ್ಲಿ ಈಗ ಬೆಳಗಾಗಿರುತ್ತೆ. ಹೋದ ವರ್ಷ ಹಿತ್ತಿಲ ಕಡೆ ಟೈಲ್ಸ್ ಹಾಕಿಸುವಾಗ ಹಳೇ ಕಲ್ಲುಮಣ್ಣು ಎಲ್ಲ ಟ್ರ್ಯಾಕ್ಟರಿಗೆ ತುಂಬಿ ಕಳಿಸಿದೆ ಅಂದಿದ್ದ, ಅದರಲ್ಲಿ ಆ ಗುಂಡೂ