ಅಬ್ಬಾಗೆ ‘ಆರ್’ ಹಾಕಿದ ಹುಡುಗಿ

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ‘ಮೈ ಫಾದರ್ ಆರ್ ಟೈಲರ್’ ಅಂತ ಬರೆದಿದ್ದಳು. ನಾನು ‘ಆರ್’ ಹೊಡೆದು ‘ಈಸ್’ ಅಂತ ಬರೆದುಕೊಟ್ಟೆ. ಮುಂದಿನ ವಾರ ಮತ್ತೆ ‘ಆರ್’. ಅದರ ಮುಂದಿನ ವಾರವೂ ಅದೇ. ವಿಚಿತ್ರ ಅಂದರೆ, ಅದೇ ಪುಟದಲ್ಲಿ ‘ಮೈ ಬ್ರದರ್ ಈಸ್ ಸ್ಮಾಲ್’ ಅಂತ ಸರಿಯಾಗಿಯೇ ಬರೆದಿದ್ದಳು. ಹತ್ತಿರ ಕರೆದು ಕೇಳಿದೆ: ತಮ್ಮನಿಗೆ ‘ಈಸ್’ ಹಾಕ್ತೀಯಾ, ಅಪ್ಪನಿಗೆ ಯಾಕೆ ‘ಆರ್’? ಅವಳು ಮೆಲ್ಲಗೆ ಹೇಳಿದಳು, ‘ಅಬ್ಬಾ ಬಡೇ ಹೈಂ ನಾ, ಟೀಚರ್.’

ಅಪ್ಪ ದೊಡ್ಡವರಲ್ವಾ ಅಂತ. ಉರ್ದುವಿನಲ್ಲಿ ತಮ್ಮನಿಗೆ ‘ಹೈ’, ಅಪ್ಪನಿಗೆ ‘ಹೈಂ’. ಕನ್ನಡದಲ್ಲಿ ನಾವೂ ತಮ್ಮ ಬಂದ, ಅಪ್ಪ ಬಂದರು ಅಂತೀವಿ. ಗೌರವಕ್ಕೆ ಬಹುವಚನ. ಆ ಮಗು ಗೌರವ ಕೊಟ್ಟಿದ್ದನ್ನು ನಾನು ಮೂರು ವಾರ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದೆ. ಆ ದಿನ ನನಗೆ ನಿಜವಾಗಿ ಬೇಜಾರಾಯಿತು.

ನಾನು ಕಲಬುರಗಿಯ ಒಂದು ಉರ್ದು ಮಾಧ್ಯಮ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆಮಾತು ಕನ್ನಡ. ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಶಾಲೆ ಕಲಿತವರು. 1948ರವರೆಗೆ ಇಲ್ಲಿನ ಕಚೇರಿ ಕಾಗದ ಹೆಚ್ಚಾಗಿ ಉರ್ದುವಿನಲ್ಲೇ ನಡೆಯುತ್ತಿತ್ತು. ಹಾಗಾಗಿ ಕಿವಿಗೆ ಉರ್ದು ಹೊಸದೇನಲ್ಲ. ಆದರೆ ಅದರ ವ್ಯಾಕರಣದ ಬಗ್ಗೆ ನಾನು ಯಾವತ್ತೂ ಕೂತು ಯೋಚಿಸಿರಲಿಲ್ಲ. ಆ ‘ಆರ್’ ಸಿಕ್ಕ ಮೇಲೆ ಒಂದು ಬೇರೆ ನೋಟ್‌ಬುಕ್ ಇಟ್ಟೆ. ಮಕ್ಕಳು ಪದೇ ಪದೇ ಮಾಡುವ ತಪ್ಪು ಒಂದು ಕಡೆ, ಅದೇ ಮಾತು ಉರ್ದುವಿನಲ್ಲಿ ಹೇಗೆ ಬರುತ್ತದೆ ಅನ್ನೋದು ಇನ್ನೊಂದು ಕಡೆ.

ಜಾಸ್ತಿ ಕಾಡಿದ್ದು ‘ಹೀ’ ಮತ್ತು ‘ಶೀ’. ‘ಮೈ ಸಿಸ್ಟರ್ ಈಸ್ ಸಿಕ್, ಹೀ ಈಸ್ ಅಟ್ ಹೋಮ್’ ಅಂತ ಬರೆಯುತ್ತಾರೆ. ಗಂಡು ಹೆಣ್ಣು ಗೊತ್ತಾಗಲ್ವಾ ಅಂತ ಗದರುವವರನ್ನು ನೋಡಿದ್ದೇನೆ. ವಿಷಯ ಬೇರೆ ಇದೆ. ಉರ್ದುವಿನಲ್ಲಿ ಅವನು, ಅವಳು, ಅದು, ಎಲ್ಲಕ್ಕೂ ಒಂದೇ ‘ವೋ’. ಗಂಡೋ ಹೆಣ್ಣೋ ಗೊತ್ತಾಗೋದು ಕ್ರಿಯಾಪದದ ಕೊನೆಯಲ್ಲಿ: ವೋ ಜಾತಾ ಹೈ, ವೋ ಜಾತೀ ಹೈ. ಇಂಗ್ಲಿಷ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ‘ಗೋಸ್’ ಇಬ್ಬರಿಗೂ ಒಂದೇ, ಗುರುತು ಮೊದಲಲ್ಲೇ ಬರಬೇಕು. ಕನ್ನಡದಲ್ಲಿ ಎರಡೂ ಕಡೆ ಗುರುತಿದೆ: ಅವಳು ಹೋಗುತ್ತಾಳೆ. ಅದಕ್ಕೇ ನಮಗೆ ಇದೊಂದು ಕಷ್ಟ ಅಂತ ಹೊಳೆಯೋದೇ ಇಲ್ಲ.

ಅದಕ್ಕೊಂದು ಆಟ ಮಾಡಿದೆ. ಹೆಸರು ‘ಬಾಲ ನೋಡಿ ತಲೆ ಹೇಳು’. ನಾನು ‘ವೋ ಪಢ್‌ತೀ ಹೈ’ ಅಂದರೆ ಮಕ್ಕಳು ‘ಶೀ ರೀಡ್ಸ್’ ಅನ್ನಬೇಕು. ‘ವೋ ಖೇಲ್‌ತಾ ಹೈ’ ಅಂದರೆ ‘ಹೀ ಪ್ಲೇಸ್’. ದಿನಾ ಐದು ನಿಮಿಷ, ಬಾಯಲ್ಲಿ ಮಾತ್ರ. ಚೆನ್ನಾಗಿ ನಡೀತಿತ್ತು. ಒಂದು ದಿನ ಭೂತಕಾಲಕ್ಕೆ ಹೋದೆ, ‘ಉಸ್‌ನೇ ರೋಟೀ ಖಾಯೀ’ (ರೊಟ್ಟಿ ತಿಂದ, ಇಲ್ಲವೇ ತಿಂದಳು) ಅಂದೆ. ಇಡೀ ಕ್ಲಾಸು ‘ಶೀ’ ಅಂತ ಕೂಗಿತು. ನನ್ನ ಮನಸ್ಸಿನಲ್ಲಿ ಇದ್ದದ್ದು ಹುಡುಗ. ಪುಸ್ತಕದ ಉರ್ದುವಿನಲ್ಲಿ ಭೂತಕಾಲದಲ್ಲಿ ಕರ್ತೃವಿಗೆ ಹೀಗೆ ‘ನೇ’ ಅಂಟಿಕೊಂಡು ಬಂದರೆ ಕ್ರಿಯಾಪದ ತಿಂದವನ ಹಿಂದೆ ಹೋಗಲ್ಲ, ರೊಟ್ಟಿಯ ಹಿಂದೆ ಹೋಗುತ್ತದೆ. ರೋಟೀ ಸ್ತ್ರೀಲಿಂಗ, ಅದಕ್ಕೆ ಖಾಯೀ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಮಾರೇ ಘರ್ ಮೇ ವೋ ರೋಟೀ ಖಾಯಾ ಬೋಲ್ತೇ, ಟೀಚರ್’ ಅಂದ. ಮನೆಯಲ್ಲಿ ಆಡುವ ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದುವಿನಲ್ಲಿ, ಆ ‘ನೇ’ ಸಾಮಾನ್ಯವಾಗಿ ಇರುವುದಿಲ್ಲ. ತಿಂದದ್ದು ಹುಡುಗನಾದರೆ ಖಾಯಾ, ಹುಡುಗಿಯಾದರೆ ಖಾಯೀ. ಅಂದಿನಿಂದ ಭೂತಕಾಲದ ಆಟ ದಖನಿಯಲ್ಲೇ. ಶಾಲೆಯಲ್ಲಿ ‘ತಪ್ಪು ಉರ್ದು’ ಅನ್ನಿಸಿಕೊಳ್ಳುವ ಮನೆಮಾತು ಇಂಗ್ಲಿಷ್ ಕಲಿಯೋಕೆ ಉಪಯೋಗಕ್ಕೆ ಬಂತು ಅಂತ ಆ ಹುಡುಗನ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ.

‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅನ್ನೋದು ಇನ್ನೊಂದು. ‘ಪಾಂಚ್ ಸಾಲ್ ಸೇ ರಹ್ ರಹಾ ಹೂಂ’ ಅನ್ನೋದರ ನೇರ ನಕಲು. ನಮ್ಮ ‘ಐದು ವರ್ಷದಿಂದ’ ಕೂಡ ಇದೇ ಜಾಗದಲ್ಲಿ ಎಡವುತ್ತದೆ. ‘ಸೇ’ ಅಥವಾ ‘ಇಂದ’ ಒಂದೇ ಇದ್ದರೂ ಇಂಗ್ಲಿಷಿನಲ್ಲಿ ಎರಡು ದಾರಿ: ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್’, ಎಷ್ಟು ಕಾಲ ಅಂತ ಹೇಳಿದರೆ ‘ಫಾರ್’. ಜೊತೆಗೆ ‘ರಹಾ ಹೈ’ ಕಂಡ ಕಡೆಯೆಲ್ಲ ‘ಈಸ್’ ಹಾಕಿ ‘ಇಂಗ್’ ಸೇರಿಸು ಅಂತ ಬಾಯಿಪಾಠ ಮಾಡಿಸಿರುತ್ತಾರೆ. ಆ ಸೂತ್ರ ಬಹಳ ಕಡೆ ಸರಿ, ಇಲ್ಲಿ ಕೈಕೊಡುತ್ತದೆ. ‘ಹ್ಯಾವ್ ಬೀನ್ ಲಿವಿಂಗ್’ ಅಂತ ಸುಮ್ನೆ ನೂರು ಸಲ ಹೇಳಿಸೋದೇ ನನಗೆ ಕಂಡ ದಾರಿ.

‘ಹ್ಯಾವ್’ ಮಾತ್ರ ಸುಲಭವಾಗಿ ಬಂತು. ಮೇರೇ ದೋ ಭಾಯಿ ಹೈಂ (ನನಗೆ ಇಬ್ಬರು ಅಣ್ಣತಮ್ಮಂದಿರು), ಮೇರೇ ಪಾಸ್ ಕಿತಾಬ್ ಹೈ (ನನ್ನ ಹತ್ತಿರ ಪುಸ್ತಕ ಇದೆ), ಮುಝೇ ಬುಖಾರ್ ಹೈ (ನನಗೆ ಜ್ವರ ಇದೆ). ಉರ್ದುವಿನಲ್ಲಿ ಮೂರು ಬಗೆ, ಇಂಗ್ಲಿಷಿನಲ್ಲಿ ಮೂರಕ್ಕೂ ‘ಐ ಹ್ಯಾವ್’. ಕಡಿಮೆ ಕಲಿಯಬೇಕು ಅಂದಾಗ ಮಕ್ಕಳಿಗೆ ಖುಷಿ.

ಕ್ಯಾಪಿಟಲ್ ಅಕ್ಷರ ಉರ್ದು ಲಿಪಿಯಲ್ಲಿ ಇಲ್ಲವೇ ಇಲ್ಲ. ಅದು ಅಭ್ಯಾಸದಿಂದ ಬರಬೇಕು, ಬರುತ್ತದೆ ಕೂಡ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ‘ಆರ್’ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಯಿತು, ನಿನ್ನ ಮಾತು ಸರಿ. ಇಂಗ್ಲಿಷಿನಲ್ಲಿ ಅಬ್ಬಾಗೂ ತಮ್ಮನಿಗೂ ಕ್ರಿಯಾಪದ ಒಂದೇ, ಗೌರವ ಬೇರೆ ಮಾತಿನಲ್ಲಿ ಬರುತ್ತದೆ. ಆಮೇಲೆ ಅವಳು ‘ಆರ್’ ಬರೆದಿಲ್ಲ.

ಅವಳ ವಾಕ್ಯದಲ್ಲಿ ಇನ್ನೊಂದು ತಪ್ಪಿತ್ತು, ಗಮನಿಸಿದ್ರಾ? ಟೈಲರ್ ಮುಂದೆ ‘ಎ’ ಇಲ್ಲ. ‘ಎ’, ‘ದಿ’ ಥರದ್ದು ಉರ್ದುವಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಇಲ್ಲಿ ಹಿಡಿದುಕೊಳ್ಳೋಕೆ ಮನೆಮಾತಿನ ಕೊಂಬೆ ಸಿಗಲ್ಲ. ಕಣ್ಣಿಗೆ ಕಾಣೋ ವಸ್ತು ಇಟ್ಟೇ ಕಲಿಸಬೇಕು. ಡಬ್ಬಿ ತುಂಬ ಬಿಳಿ ಗುಂಡಿ, ನಡುವೆ ಒಂದೇ ಒಂದು ಕಪ್ಪು ಗುಂಡಿ. ‘ಗಿವ್ ಮಿ ಎ ಬಟನ್’ ಅಂದರೆ ಯಾವುದಾದರೂ ಕೊಡಬಹುದು. ‘ಗಿವ್ ಮಿ ದಿ ಬ್ಲ್ಯಾಕ್ ಬಟನ್’ ಅಂದರೆ ಹುಡುಕಿ ಅದನ್ನೇ ಕೊಡಬೇಕು. ಸೋಮವಾರದಿಂದ ಶುರು ಮಾಡ್ತೀನಿ. ಗುಂಡಿಗಳನ್ನು ಆ ಹುಡುಗಿಯೇ ತಂದುಕೊಟ್ಟಿದ್ದಾಳೆ, ಅವಳ ಅಬ್ಬಾನ ಅಂಗಡಿಯಿಂದ.