ನಿದ್ದೆ ಕೆಡಿಸಿಕೊಳ್ಳದ ಹೂಡಿಕೆದಾರ

ಲೆಕ್ಕಪತ್ರ ವಿಭಾಗದಲ್ಲಿಯೇ ಉದ್ಯೋಗದ ಬದುಕು ಕಳೆದ ನನಗೆ ಹೂಡಿಕೆದಾರರ ಯಶೋಗಾಥೆಗಳು ಅಷ್ಟಾಗಿ ರುಚಿಸುವುದಿಲ್ಲ. ಎಲ್ಲದರಲ್ಲೂ ಒಬ್ಬ ದೂರದೃಷ್ಟಿಯ ಪುರುಷ, ಅವನು ಎದೆಗಟ್ಟಿ ಮಾಡಿ ತೆಗೆದುಕೊಂಡ ಒಂದು ತೀರ್ಮಾನ, ಆಮೇಲೆ ಬಂಗಲೆ. ನ್ಯೂಯಾರ್ಕಿನ ವಾಲ್ಟರ್ ಶ್ಲಾಸ್ ಅವರ ಕಥೆಯಲ್ಲಿ ಎದೆಗಾರಿಕೆಯ ಪ್ರಸಂಗ ಹುಡುಕಿದರೂ ಸಿಗದು. ಬ್ಯಾಲೆನ್ಸ್ ಶೀಟ್ (ಕಂಪನಿಯ ಆಸ್ತಿ, ಸಾಲಗಳ ಪಟ್ಟಿ) ಓದಲು ಬರುತ್ತಿದ್ದ, ಹಣ ಕಳೆದುಕೊಳ್ಳಲು ಹೆದರುತ್ತಿದ್ದ, ಸಂಜೆಯಾದರೆ ಕಚೇರಿ ಮುಚ್ಚಿ ಮನೆಗೆ ಹೋಗುತ್ತಿದ್ದ ಮನುಷ್ಯ ಅವರು. ಅದಕ್ಕೇ ನನಗೆ ಇಷ್ಟ.

ಅವರು ಹುಟ್ಟಿದ್ದು 1916ರಲ್ಲಿ. 1929ರಲ್ಲಿ ಷೇರುಪೇಟೆ ಕುಸಿದಾಗ ಹದಿಮೂರರ ಹುಡುಗ. ಮನೆಯವರ ಹಣವೂ ಆ ಕುಸಿತದಲ್ಲಿ ಕರಗಿತು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. 1934ರಲ್ಲಿ, ಪ್ರೌಢಶಾಲೆ ಮುಗಿಸಿದ ಕೂಡಲೇ, ವಾಲ್ ಸ್ಟ್ರೀಟಿನ ಕಾರ್ಲ್ ಲೋಬ್ ಸಂಸ್ಥೆಯಲ್ಲಿ ರನ್ನರ್ ಆಗಿ ಸೇರಿಕೊಂಡರು. ಷೇರುಗಳೆಲ್ಲ ಕಾಗದದ ಪ್ರಮಾಣಪತ್ರಗಳಾಗಿದ್ದ ಕಾಲ ಅದು. ಅವನ್ನು ಒಂದು ದಲ್ಲಾಳಿ ಕಚೇರಿಯಿಂದ ಇನ್ನೊಂದಕ್ಕೆ ಹೊತ್ತು ಮುಟ್ಟಿಸುವವನೇ ರನ್ನರ್. ಲಕ್ಷಾಂತರ ಡಾಲರಿನ ಕಾಗದ ಕೈಯಲ್ಲಿ ಹಿಡಿದು ಓಡಾಡುವ, ಅದರಲ್ಲಿ ಒಂದು ಹಾಳೆಯೂ ತನ್ನದಲ್ಲದ ಕೆಲಸ.

ಕಂಪನಿಗಳ ಲೆಕ್ಕ ಪರಿಶೀಲಿಸುವ ವಿಭಾಗಕ್ಕೆ ತನ್ನನ್ನು ಸೇರಿಸಿಕೊಳ್ಳುವಿರಾ ಎಂದು ಹುಡುಗ ಮೇಲಿನವರನ್ನು ಕೇಳಿದ. ಆಗುವುದಿಲ್ಲ ಎಂದರು. ಹಾಗೆಂದವರೇ, ಬೆಂಜಮಿನ್ ಗ್ರಹಾಂ ಎನ್ನುವವರ ಹೊಸ ಪುಸ್ತಕ ಬಂದಿದೆ, ಅದನ್ನು ಓದು ಎಂದೂ ಹೇಳಿದರು. ಶ್ಲಾಸ್ ಓದಿದರು, ಷೇರು ವಿನಿಮಯ ಕೇಂದ್ರದ ಶಿಕ್ಷಣ ಸಂಸ್ಥೆಯಲ್ಲಿ ಗ್ರಹಾಂ ನಡೆಸುತ್ತಿದ್ದ ತರಗತಿಗೂ ಹೋದರು. ಮುಂದೆ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆಯ ಮುಖ್ಯಸ್ಥರಾದ ಗಸ್ ಲೆವಿ ಕೂಡ ಆ ತರಗತಿಯ ವಿದ್ಯಾರ್ಥಿ. ಆಮೇಲೆ ಯುದ್ಧ ಬಂತು, ಸೇನೆಗೆ ಹೋದರು. 1946ರಲ್ಲಿ ಮರಳಿದಾಗ ಗ್ರಹಾಂ ತಮ್ಮದೇ ಸಂಸ್ಥೆಯಲ್ಲಿ ಕೆಲಸ ಕೊಟ್ಟರು.

ಅಲ್ಲಿ ಶ್ಲಾಸ್ ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅವರ ಇಡೀ ಬದುಕು ಇದರ ಮೇಲೆ ನಿಂತಿದೆ. ಒಂದು ಕಂಪನಿಯ ನಗದು, ದಾಸ್ತಾನು, ಗಿರಾಕಿಗಳಿಂದ ಬರಬೇಕಾದ ಬಾಕಿ ಎಲ್ಲ ಕೂಡಿದರೆ 100 ಡಾಲರ್ ಎಂದಿಟ್ಟುಕೊಳ್ಳಿ. ತೀರಿಸಬೇಕಾದ ಸಕಲ ಸಾಲವೂ ಸೇರಿ 40. ಉಳಿದದ್ದು 60. ಕಾರ್ಖಾನೆ, ಜಮೀನು, ಯಂತ್ರಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಗಮನಿಸಿ. ಈಗ ಪೇಟೆಯಲ್ಲಿ ಆ ಕಂಪನಿಯ ಎಲ್ಲ ಷೇರುಗಳ ಒಟ್ಟು ಬೆಲೆ 40 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೊಳ್ಳಬೇಕು. 60ರ ಮೂರನೆಯ ಎರಡು ಪಾಲು, ಅಷ್ಟೇ ಸೂತ್ರ. ಮಹಾಕುಸಿತದ ಪೆಟ್ಟು ತಿಂದ ಜನ ಷೇರೆಂದರೆ ಮುಖ ತಿರುಗಿಸುತ್ತಿದ್ದುದರಿಂದ ಇಂಥ ಕಂಪನಿಗಳು ಆಗ ಸಿಗುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಸೊರಗಿದ ಕಂಪನಿಗಳೇ. ಒಂದೊಂದನ್ನೇ ನೋಡಿದರೆ ಯಾರೂ ಮುಟ್ಟಲಾರರು. ಆದ್ದರಿಂದಲೇ ಹತ್ತಾರು ಕಂಪನಿಗಳಲ್ಲಿ ಹಣ ಹರಡಿ ಇಡುವುದು.

1951ರಲ್ಲಿ ಜೆರ್ಸಿ ಸಿಟಿಯಲ್ಲಿ ಮಾರ್ಷಲ್ ವೆಲ್ಸ್ ಎಂಬ ಹಾರ್ಡ್‌ವೇರ್ ಸಾಮಾನುಗಳ ಸಗಟು ಕಂಪನಿಯ ವಾರ್ಷಿಕ ಸಭೆಗೆ ಶ್ಲಾಸ್ ಹೋಗಿದ್ದರು. ಅಂಥ ಸಭೆಗೆ ಬರುವ ಬೇರೆ ಹುಚ್ಚರು ಯಾರಿದ್ದಾರು? ಇದ್ದರು. ಮುಂದೆ ಜಗದ್ವಿಖ್ಯಾತ ಹೂಡಿಕೆದಾರರಾದ ವಾರೆನ್ ಬಫೆಟ್. ಮೂರು ವರ್ಷ ಕಳೆದು ಬಫೆಟ್ ಕೂಡ ಗ್ರಹಾಂ ಬಳಿ ಕೆಲಸಕ್ಕೆ ಸೇರಿದಾಗ ಇಬ್ಬರೂ ಒಂದೇ ಕೋಣೆಯ ಸಹೋದ್ಯೋಗಿಗಳಾದರು.

ಗ್ರಹಾಂ ನಿವೃತ್ತಿಯ ಮಾತೆತ್ತಿದಾಗ, 1955ರಲ್ಲಿ, ಶ್ಲಾಸ್ ತಮ್ಮದೇ ನಿಧಿ ಆರಂಭಿಸಿದರು. 19 ಪಾಲುದಾರರು, ಒಟ್ಟು ಒಂದು ಲಕ್ಷ ಡಾಲರ್. ಟ್ವೀಡಿ ಬ್ರೌನ್ ಎಂಬ ದಲ್ಲಾಳಿ ಸಂಸ್ಥೆಯೊಳಗೆ ಒಂದಿಷ್ಟು ಇಕ್ಕಟ್ಟಾದ ಜಾಗವೇ ಕಚೇರಿ. ಬಫೆಟ್ ಮುಂದೊಮ್ಮೆ ತಮ್ಮ ಕಂಪನಿಯ ಷೇರುದಾರರಿಗೆ ಕಳಿಸಿದ ವಾರ್ಷಿಕ ಪತ್ರದಲ್ಲಿ ಬರೆದ ಪ್ರಕಾರ 1956ರಲ್ಲಿ ಅಲ್ಲಿ ಕಡತದ ಕಪಾಟು ಒಂದಿತ್ತು, 2002ರ ಹೊತ್ತಿಗೆ ನಾಲ್ಕಾಗಿತ್ತು. ಕಾರ್ಯದರ್ಶಿ ಇಲ್ಲ, ಗುಮಾಸ್ತ ಇಲ್ಲ, ಲೆಕ್ಕ ಬರೆಯುವವರೂ ಇಲ್ಲ. (ಕೊನೆಯದನ್ನು ಓದಿದಾಗ ನನ್ನ ವೃತ್ತಿಗೆ ತುಸು ಅವಮಾನವಾದಂತೆ ಅನ್ನಿಸಿದ್ದು ನಿಜ.) 1973ರಿಂದ ಜೊತೆಗೆ ಮಗ ಎಡ್ವಿನ್. ಆತ ಓದಿದ್ದು ಹಣಕಾಸನ್ನಲ್ಲ. ನಾರ್ತ್ ಕ್ಯಾರೊಲಿನಾದ ಕಲಾಶಾಲೆಯ ಪದವೀಧರ.

ಬಫೆಟ್ ಒಮ್ಮೆ ತಮ್ಮ ಪಾಲುದಾರಿಕೆಯ ಶೇ 40ರಷ್ಟು ಹಣವನ್ನು ಅಮೆರಿಕನ್ ಎಕ್ಸ್‌ಪ್ರೆಸ್ ಒಂದರಲ್ಲೇ ತೊಡಗಿಸಿದವರು. ಶ್ಲಾಸ್ ನೂರರ ಆಸುಪಾಸಿನಲ್ಲಿ ಕಂಪನಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಗೆಳೆಯನಂತೆ ಒಂದರಲ್ಲೇ ಹಣ ಸುರಿಯುವ ಗುಂಡಿಗೆ ತನಗಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಕಂಪನಿಗಳ ಆಡಳಿತಗಾರರನ್ನು ಭೇಟಿಯಾಗಲು ಊರೂರು ಸುತ್ತಲಿಲ್ಲ. ಮಾತುಗಾರರ ಮಾತಿಗೆ ಮರುಳಾಗುವುದಕ್ಕಿಂತ ಅಂಕಿಗಳನ್ನು ಓದುವುದು ಮೇಲು ಎಂಬ ನಿಲುವು. ಪಾಲುದಾರರಿಗೆ ಯಾವ ಷೇರು ಕೊಂಡಿದ್ದೇನೆಂದು ಹೇಳುತ್ತಲೂ ಇರಲಿಲ್ಲ, ಹೇಳಿದರೆ ಅವರು ಗಾಬರಿಯಾಗಿ ಫೋನ್ ಮಾಡುತ್ತಾರೆ! ಕೊಂಡ ಷೇರನ್ನು ಸಾಮಾನ್ಯವಾಗಿ ನಾಲ್ಕೈದು ವರ್ಷ ಇಟ್ಟುಕೊಳ್ಳುವುದು, ಬೆಲೆ ಏರಿದಾಗ ಮಾರಿ ಸುಮ್ಮನಾಗುವುದು. ಮಾರಿದ ಮೇಲೂ ಏರಿದ್ದು ಎಷ್ಟೋ. ಅದಕ್ಕೆ ಹೊಟ್ಟೆ ಉರಿಸಿಕೊಳ್ಳುವ ಜಾಯಮಾನವಲ್ಲ. ನಮ್ಮಲ್ಲಿ ಬಹುಪಾಲು ಮಂದಿ ಇನ್ನೊಬ್ಬರ ಧೈರ್ಯವನ್ನು ಎರವಲು ತಂದು ಹೂಡಿಕೆ ಮಾಡುತ್ತೇವೆ, ಪೇಟೆ ಬಿದ್ದ ದಿನ ಆ ಧೈರ್ಯ ಒಡೆಯನ ಮನೆಗೆ ವಾಪಸು ಹೋಗುತ್ತದೆ. ಶ್ಲಾಸ್ ತಮ್ಮ ಅಂಜಿಕೆಗೆ ಒಗ್ಗುವ ಪದ್ಧತಿಯನ್ನೇ ಕಟ್ಟಿಕೊಂಡರು.

ಫಲ ಏನು? 1984ರಲ್ಲಿ ಬಫೆಟ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಇದರ ಲೆಕ್ಕ ಸಿಗುತ್ತದೆ. 1956ರಿಂದ 1984ರ ಮೊದಲ ತ್ರೈಮಾಸಿಕದವರೆಗೆ ನಿಧಿಯ ಗಳಿಕೆ ವರ್ಷಕ್ಕೆ ಶೇ 21.3, ಪಾಲುದಾರರ ಕೈಸೇರಿದ್ದು ಶೇ 16.1, ಅಮೆರಿಕದ ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ಅಳೆಯುವ ಎಸ್ ಆ್ಯಂಡ್ ಪಿ ಸೂಚ್ಯಂಕದ್ದು ಶೇ 8.4. ಅಂದರೆ ಪಾಲುದಾರರ 100 ಡಾಲರ್ ಸುಮಾರು 6,780 ಆಯಿತು. ಸೂಚ್ಯಂಕದಲ್ಲಿ ಇಟ್ಟಿದ್ದರೆ 1,000ವೂ ಮುಟ್ಟುತ್ತಿರಲಿಲ್ಲ.

ಹಳೆಯ ಚಾಳಿ, 21.3 ಮತ್ತು 16.1ರ ನಡುವಿನ ಅಂತರ ಎಲ್ಲಿ ಹೋಯಿತೆಂದು ನೋಡದೆ ಇರಲಾಗಲಿಲ್ಲ. ಶ್ಲಾಸ್ ಲಾಭದ ಕಾಲುಭಾಗ ತೆಗೆದುಕೊಳ್ಳುತ್ತಿದ್ದರು. 21.3ರ ಮುಕ್ಕಾಲು ಹೆಚ್ಚುಕಡಿಮೆ 16. ತಾಳೆಯಾಯಿತು. ಲಾಭ ಬರಲಿ ಬಿಡಲಿ ವರ್ಷವರ್ಷ ಕೊಡಬೇಕಾದ ನಿರ್ವಹಣಾ ಶುಲ್ಕ ಎಂಬುದು ಇರಲೇ ಇಲ್ಲ. ಕಾಲುಭಾಗ ಕಡಿಮೆಯೇನಲ್ಲ, ಭಾರೀ ಪಾಲೇ. ಆದರೆ ನಷ್ಟದ ವರ್ಷದಲ್ಲಿ ಅವರಿಗೂ ಸೊನ್ನೆ.

ಅದೇ ಪದ್ಧತಿ ಇಂದಿಗೆ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಡೆಯುವುದು ಕಷ್ಟ. ತಂತ್ರಾಂಶ ಕಂಪನಿಯ ನಿಜವಾದ ಬೆಲೆ ದಾಸ್ತಾನಿನಲ್ಲಿ ಕಾಣುವುದಿಲ್ಲ, ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವ ಯಂತ್ರಕ್ಕೆ ಕೆಲವೊಮ್ಮೆ ಗುಜರಿಯ ಬೆಲೆಯೂ ಬರುವುದಿಲ್ಲ. ಶ್ಲಾಸ್ ಕೂಡ ಹಳೆಯ ಸೂತ್ರಕ್ಕೆ ಜೋತುಬೀಳಲಿಲ್ಲ. ಮೂರನೆಯ ಎರಡರ ಷೇರುಗಳು ಬತ್ತಿದಾಗ ಪುಸ್ತಕ ಮೌಲ್ಯಕ್ಕಿಂತ (ಕಾರ್ಖಾನೆ, ಯಂತ್ರವೂ ಸೇರಿ ಎಲ್ಲ ಆಸ್ತಿಯಿಂದ ಸಾಲ ಕಳೆದು ಉಳಿಯುವ ಮೊತ್ತ) ಅಗ್ಗವಾದವುಗಳ ಕಡೆ ತಿರುಗಿದರು. ಕೊನೆಗೆ ಅವೂ ಸಿಗುವುದು ದುಸ್ತರವಾಯಿತು. 2000ರ ನಂತರದ ಮೊದಲ ವರ್ಷಗಳಲ್ಲಿ ತಂದೆ ಮಗ ಇಬ್ಬರೂ ಸೇರಿ ಇತರರ ಹಣ ನಿರ್ವಹಿಸುವುದನ್ನೇ ಬಿಟ್ಟರು. ಶ್ಲಾಸ್ 2012ರ ಫೆಬ್ರುವರಿಯಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಂಡರು.

ಕೊಳ್ಳಲು ಅಗ್ಗದ್ದು ಸಿಗುತ್ತಿಲ್ಲ, ಆದ್ದರಿಂದ ನಿಮ್ಮ ಹಣ ನೀವು ತೆಗೆದುಕೊಳ್ಳಿ ಎನ್ನುವುದಕ್ಕೆ ಸಜ್ಜನಿಕೆ ಎಂದು ಹೆಸರಿಡಬಹುದು. ನನಗೆ ಅದರ ಮೂಲ ಆ ಕಾಲುಭಾಗದ ಕರಾರಿನಲ್ಲಿ ಕಾಣುತ್ತದೆ. ಲಾಭವಿಲ್ಲದ ಹಣವನ್ನು ಇಟ್ಟುಕೊಂಡು ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ವರ್ಷವರ್ಷವೂ ಇಡಿಗಂಟಿನ ಮೇಲೆ ಶೇ 2 ಶುಲ್ಕ ಎಣಿಸುವ ನಿರ್ವಾಹಕರು ಅಗ್ಗದ ಷೇರು ಸಿಗುತ್ತಿಲ್ಲವೆಂದು ಬಾಗಿಲು ಹಾಕಿದ್ದನ್ನು ನಾನಂತೂ ಕಂಡಿಲ್ಲ.